ಸರ್ಕಸ್ ಶಾಲೆಗೊಂದು ಗುರುತು

ಹೋದ ವಾರ ಅಟ್ಟ ಗುಡಿಸುವಾಗ ಅಪ್ಪನ ಸಲಾಕೆ ಸಿಕ್ಕಿತು. ನಾಲ್ಕಡಿ ಉದ್ದದ ಕಬ್ಬಿಣದ ಕಡ್ಡಿ. ತುದಿ ಚೂಪು, ಹಿಡಿಗೆ ಹಳೇ ಸೈಕಲ್ ಟ್ಯೂಬು ಸುತ್ತಿದೆ. ಅಪ್ಪ ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಿನ ಗೇಟಿನಲ್ಲಿ ಕಾವಲಿಗಿದ್ದರು. ಕೇರಳದ ಕಡೆ ಹೋಗುವ ಲಾರಿ ನಿಂತ ಕೂಡಲೇ ಹುಲ್ಲಿನ ಹೊರೆಗೋ ಈರುಳ್ಳಿ ಮೂಟೆಗೋ ಇದನ್ನು ಚುಚ್ಚಿ, ಒಳಗೆ ಮರದ ತುಂಡು ಬಚ್ಚಿಟ್ಟಿದ್ದಾರೆಯೇ ಎಂದು ನೋಡುವುದು ಅವರ ಕೆಲಸ.

ತೊಂದರೆ ಏನೆಂದರೆ, ಡ್ಯೂಟಿ ಮುಗಿದ ಮೇಲೂ ಅಪ್ಪನ ಕೈ ಸುಮ್ಮನಿರುತ್ತಿರಲಿಲ್ಲ. ಮನೆಗೆ ರಾಗಿ ಮೂಟೆ ಬಂದರೆ ಚುಚ್ಚುವರು. ಸೋದರತ್ತೆ ಊರಿಂದ ಹೊತ್ತು ತಂದ ಹಲಸಿನ ಹಣ್ಣಿಗೂ ಒಮ್ಮೆ ಚುಚ್ಚಿದ್ದರು. "ಅಲ್ಸಿನಣ್ಣೊಳ್ಗೆ ಗಂಧದ್ಮರ ಮಡ್ಗಿದ್ದೀನೇನಣ್ಣ?" ಎಂದು ಅತ್ತೆ ಕಣ್ಣೀರು ಹಾಕಿಕೊಂಡು ಬಂದ ಬಸ್ಸಿಗೇ ವಾಪಸು ಹೋದಳು. ಅಪ್ಪ ಒಂದಿಷ್ಟೂ ಬೇಜಾರು ಮಾಡಿಕೊಳ್ಳಲಿಲ್ಲ. "ಅಳೋರ್ನ ಇನ್ನೊಂದ್ಸಲ ನೋಡ್ಬೇಕು" ಅಂದರು.

ಕೆಲವರಿಗೆ ಅಪ್ಪನಿಂದ ಜಮೀನು ಬರುತ್ತದೆ. ನನಗೆ ಅನುಮಾನ ಬಂತು. ಚಾಮರಾಜನಗರದ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ನನ್ನದೊಂದು ಬೋರ್ಡು, ಫ್ಲೆಕ್ಸಿನ ಅಂಗಡಿ ಇದೆ. ಮದುವೆಯ ಫ್ಲೆಕ್ಸಿಗೆ ಬಂದವರ ಹತ್ತಿರ ಹುಡುಗಿಯ ವಯಸ್ಸು ಕೇಳುತ್ತೇನೆ. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಬಂದವರನ್ನು "ದಿಟವಾಗ್ಲೂ ತೀರ್ಕಂಡ್ರಾ?" ಅನ್ನುತ್ತೇನೆ. ನಗಬೇಡಿ. ಒಬ್ಬಾತ ಬದುಕಿದ್ದ ದಾಯಾದಿಗೇ ಶ್ರದ್ಧಾಂಜಲಿ ಮಾಡಿಸಿಕೊಂಡು ಹೋದ, ಮಾರನೆಯ ದಿನ ಆ ಸತ್ತ ಮನುಷ್ಯ ನನ್ನ ಅಂಗಡಿ ಮುಂದೆ ನಿಂತು ಬಾಯಿಗೆ ಬಂದಂತೆ ಬೈದಿದ್ದ. ಅಂದಿನಿಂದ ಕೇಳುತ್ತೇನೆ.

ಇಷ್ಟೆಲ್ಲ ಹೇಳಿದ್ದು, ಸರ್ಕಸ್ ಶಾಲೆಯವರು ನನ್ನ ಅಂಗಡಿಗೆ ಕಾಲಿಟ್ಟಾಗ ನಾನು ಎಂಥ ಹೆಂಗಸಾಗಿದ್ದೆ ಎಂದು ನಿಮಗೆ ತಿಳಿಯಲಿ ಅಂತ.

ಸರ್ಕಸ್ಸಿನ ಮೇಲೆ ನನಗೆ ಬೇರೆಯದೇ ಒಂದು ಸಿಟ್ಟೂ ಇತ್ತು. ನನಗೊಬ್ಬ ಅಣ್ಣ, ಮಾದೇವ. ನನಗಿಂತ ನಾಲ್ಕು ವರ್ಷ ದೊಡ್ಡವನು. ಎರಡು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಅವನ ಎಡಗಾಲು ಬೆಳೆಯದೆ ಸಣ್ಣಗೆ ಉಳಿಯಿತು. ನಾನು ಶಾಲೆಗೆ ಹೋಗುತ್ತಿದ್ದುದು ಓದುವುದಕ್ಕಿಂತ ಹೆಚ್ಚಾಗಿ ಅವನ ಕಾವಲಿಗೆ. ಅವನ ನಡಿಗೆ ನೋಡಿ ಯಾರಾದರೂ ನಕ್ಕರೆ ಸ್ಲೇಟು ಬೀಸುತ್ತಿದ್ದೆ. ಒಡೆದ ಸ್ಲೇಟುಗಳ ಲೆಕ್ಕಕ್ಕೆ ಅಮ್ಮ ನನ್ನನ್ನು ಹೊಡೆಯುತ್ತಿದ್ದಳು, ಯಾಕೆ ಒಡೆಯಿತೆಂದು ಗೊತ್ತಿದ್ದುದರಿಂದ ಮೆಲ್ಲಗೆ ಹೊಡೆಯುತ್ತಿದ್ದಳು.

ನನಗೆ ಎಂಟು ವರ್ಷವಿದ್ದಾಗ ಗುಂಡ್ಲುಪೇಟೆಗೆ ಸರ್ಕಸ್ ಬಂತು. ಅಪ್ಪ ರಜಾ ಹಾಕಿ ಕರೆದುಕೊಂಡು ಹೋದರು. ಹುಲಿಗಿಲಿ ನನಗೆ ನೆನಪಿಲ್ಲ. ಕುಳ್ಳಗಿನ ಒಬ್ಬ ಜೋಕರ್ ಬಂದು ತನ್ನ ಟೋಪಿಯನ್ನು ತಾನೇ ಒದ್ದು ಒದ್ದು ಅಟ್ಟಿಸಿಕೊಂಡು ಹೋಗುತ್ತಿದ್ದ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಆಗ ಹಿಂದಿನ ಹಲಗೆಯಲ್ಲಿ ಕೂತಿದ್ದವನೊಬ್ಬ ಅಮ್ಮನ ಹೆಗಲ ಮೇಲೆ ಬಗ್ಗಿ, "ಈ ಹೈದನ್ನ ಇಲ್ಲೇ ಬುಟ್ಬುಡು ಕಣವ್ವ, ಇವನ್ಗೂ ಒಂದ್ ಕೆಲ್ಸ ಆಯ್ತದೆ" ಅಂದ. ಅಮ್ಮ ಎದ್ದಳು. ಆಟ ಅರ್ಧಕ್ಕೇ ಬಿಟ್ಟು ಎಲ್ಲರೂ ಎದ್ದೆವು. ಇಳಿಯುವಾಗ ನಾನು ಆ ಮನುಷ್ಯನ ಮುಂಗೈ ಕಚ್ಚಿದೆ. ಆಮೇಲೆ ನಮ್ಮ ಮನೆಯಲ್ಲಿ ಸರ್ಕಸ್ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಅಪ್ಪ ಅಮ್ಮ ಹೋದ ಮೇಲೆ ಚಾಮರಾಜನಗರದ ಮನೆಯಲ್ಲಿ ನಾವಿಬ್ಬರೇ. ಅಣ್ಣ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ರವಿಕೆ, ಯೂನಿಫಾರ್ಮು ಹೊಲಿಯುತ್ತಾನೆ. ನಾನು ಮದುವೆಯಾಗಲಿಲ್ಲ. ಬಂದ ಗಂಡುಗಳನ್ನೆಲ್ಲ ನಾನೇ ಪರೀಕ್ಷೆ ಮಾಡಿ ಕಳಿಸಿದೆ. ಕೇಳಿದವರಿಗೆ "ಅಣ್ಣನ್ನ ನೋಡ್ಕಬೇಕಲ್ಲ" ಅನ್ನುತ್ತಿದ್ದೆ. ಅದನ್ನು ಹೇಳುವಾಗ ನನ್ನ ಬಗ್ಗೆ ನನಗೇ ಗೌರವ ಬರುತ್ತಿತ್ತು.

ಹೋದ ವರ್ಷ ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ, ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಹೆಂಗಸೊಬ್ಬರು ಅಂಗಡಿಗೆ ಬಂದರು. ಜಯಶೀಲಾ ಟೀಚರ್. ಗುಂಡ್ಲುಪೇಟೆಯವರು, ಹೈಸ್ಕೂಲಿನಲ್ಲಿ ಪಿ.ಟಿ. ಮಾಡಿಸಿ ನಿವೃತ್ತಿಯಾದವರು.

"ನಮ್ಮ ಸರ್ಕಸ್ ಶಾಲೆಗೊಂದು ಗುರುತು ಬೇಕಿತ್ತು. ಬೋರ್ಡಿಗೆ, ಟೀ ಶರ್ಟಿಗೆ, ಕಾಗದಕ್ಕೆ, ಎಲ್ಲಕ್ಕೂ ಒಂದೇ."

ನಾನು ಮೌಸ್ ಕೈಬಿಟ್ಟೆ. "ಪ್ರಾಣಿ ಅದಾವ?"

"ಇಲ್ಲ. ಮನುಷ್ಯರು ಮಾತ್ರ."

"ಎಂಥ ಮನುಷ್ಯರು?"

"ಬಂದವರೆಲ್ಲ. ಹೂವು ಕಟ್ಟೋ ಸಾಕಮ್ಮ ಇದಾಳೆ, ಕಣ್ಣು ಕಾಣಲ್ಲ, ಹಗ್ಗದ ಮೇಲೆ ನಡೀತಾಳೆ. ಸಿದ್ದರಾಜು ಅಂತ, ತೆಂಗಿನ ಮರದಿಂದ ಬಿದ್ದು ಗಾಲಿಕುರ್ಚಿಯಲ್ಲಿದಾನೆ, ಐದು ಚೆಂಡು ಒಟ್ಟಿಗೆ ಆಡಿಸ್ತಾನೆ. ಕೈಕಾಲು ನೆಟ್ಟಗಿರೋರೂ ಇದಾರೆ. ಅವರೇನು ಪಾಪ ಮಾಡಿದಾರೆ?"

ನನ್ನ ತಲೆಯಲ್ಲಿ ಗೇಟು ಬಿತ್ತು. ಕುಂಟರನ್ನೂ ಕುರುಡರನ್ನೂ ಒಟ್ಟಿಗೆ ಸೇರಿಸಿ ಕುಣಿಸಿ ಚಂದಾ ಎತ್ತುವವರು ಎಂದುಕೊಂಡೆ. "ಇದರ ಹಿಂದೆ ಯಾರವ್ರೆ?" ಎಂದು ಕೇಳಿದೆ.

ಟೀಚರ್ ತಿರುಗಿ ನೋಡಿ, "ನನ್ನ ಹಿಂದೆಯಾ? ನಿಮ್ಮ ಬಾಗಿಲು" ಅಂದರು.

"ನನ್ ಅಂಗಡಿ ಯಾರ್ ಹೇಳಿದ್ದು?"

"ನಮ್ಮವರೊಬ್ಬರು. ಈ ಜಿಲ್ಲೆಯಲ್ಲಿ ಅಕ್ಷರ ನೆಟ್ಟಗೆ ಕೂರಿಸೋದು ನೀವೊಬ್ಬರೇ ಅಂದರು."

ಎಲ್ಲಕ್ಕಿಂತ ಅನುಮಾನ ಬಂದದ್ದು ಈ ಮಾತಿಗೆ. ನನ್ನ ಅಕ್ಷರವನ್ನು ಈ ಊರಲ್ಲಿ ಯಾರೂ ಹೊಗಳುವುದಿಲ್ಲ, ದೀರ್ಘ ಬಿಟ್ಟುಹೋದಾಗ ಮಾತ್ರ ನೆನೆಸಿಕೊಳ್ಳುತ್ತಾರೆ. ಆದರೂ ಕೆಲಸ ಒಪ್ಪಿಕೊಂಡೆ. ಇವರ ಬಂಡವಾಳ ಏನೆಂದು ತಿಳಿಯಬೇಕಾದರೆ ಇವರ ಹತ್ತಿರವೇ ಇರಬೇಕು ಎಂಬುದು ನನ್ನ ಲೆಕ್ಕಾಚಾರ.

ಮೊದಲನೆಯ ಚಿತ್ರ ಒಂದೇ ಗಂಟೆಯಲ್ಲಿ ಆಯಿತು. ಎರಡು ದೊಡ್ಡ ಕೈಗಳು ಬೊಗಸೆ ಮಾಡಿ ಒಂದು ಪುಟ್ಟ ಗಾಲಿಕುರ್ಚಿಯನ್ನು ಎತ್ತಿ ಹಿಡಿದಿವೆ, ಮೇಲೆ ಕಾಮನಬಿಲ್ಲು. ಇಂಥದ್ದಕ್ಕೆ ಕಂಪ್ಯೂಟರಿನಲ್ಲಿ ರೆಡಿ ಮಾಲು ಬೇಕಾದಷ್ಟಿರುತ್ತದೆ. ಕಳಿಸಿದ ಎರಡು ದಿನಕ್ಕೆ ಟೀಚರ್ ಫೋನ್ ಮಾಡಿದರು.

"ಆ ಎರಡು ಕೈ ಯಾರವು ಅಂತ ನಮ್ಮವರೊಬ್ಬರು ಕೇಳ್ತಿದಾರೆ. ನಮ್ಮಲ್ಲಿ ಅಷ್ಟು ದೊಡ್ಡ ಕೈಯವರು ಯಾರೂ ಇಲ್ವಂತೆ."

ಎರಡನೆಯ ಚಿತ್ರದಲ್ಲಿ ಒಬ್ಬ ಉಯ್ಯಾಲೆ ಹಿಡಿದು ಆಕಾಶದಲ್ಲಿ ಹಾರುತ್ತಿದ್ದ. ಕಾಲುಗಳು ಅಡಿಕೋಲಿನ ಹಾಗೆ ನೆಟ್ಟಗೆ, ಉದ್ದಕ್ಕೆ. ಅದಕ್ಕೆ ಬಂದ ಉತ್ತರ ಎರಡೇ ಮಾತು. "ಕಾಲು ಸುಳ್ಳಂತೆ."

ಸಿಟ್ಟು ಬಂದು ಕಾಲನ್ನೇ ತೆಗೆದುಬಿಟ್ಟೆ. ಮೂರನೆಯದರಲ್ಲಿ ಬರೀ ಜೋಕರಿನ ಮುಖ, ಕೆಂಪು ಮೂಗು, ಕಿವಿಯವರೆಗೆ ನಗು. ಈ ಸಲ ಟೀಚರ್ ಹೇಳಿದರು. "ಅವನು ನಗ್ತಿದಾನೋ, ಅವನನ್ನ ನೋಡಿ ಬೇರೆಯವರು ನಗ್ತಿದಾರೋ, ಬರೆದವರಿಗೆ ಗೊತ್ತಿದೆಯಾ ಅಂತ ಕೇಳ್ತಿದಾರೆ."

"ಯಾರ್ರೀ ಅದು ನಿಮ್ಮವರೊಬ್ಬರು?"

"ಹೆಸರು ಹೇಳಬೇಡಿ ಅಂದಿದಾರೆ."

ಇದು ಯಾವುದೋ ಎದುರಾಳಿ ಅಂಗಡಿಯವನ ಕಿತಾಪತಿ ಎಂದು ತೀರ್ಮಾನಿಸಿದೆ. ಹಾಗೆ ತೀರ್ಮಾನಿಸಿದ ಮೇಲೂ ಆ ಮಾತು ಮಾತ್ರ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಉಳಿಯಿತು.

ಮನೆಯಲ್ಲಿ ಇನ್ನೊಂದು ಅನುಮಾನ ಬೆಳೆಯುತ್ತಿತ್ತು. ಅಣ್ಣ ಪ್ರತಿ ಭಾನುವಾರ ಬೆಳಿಗ್ಗೆ ಊರುಗೋಲು ಹಿಡಿದು ಹೊರಡುತ್ತಿದ್ದ. ಕೇಳಿದರೆ "ಉಡಿಗಾಲಕ್ಕೆ, ನಂಜುಂಡನ ತಾವ್ಕೆ. ಇಸ್ಕೂಲ್ ಹೈಕಳ ಯೂನಿಫಾರಂ ಅಳತೆ ಅದೆ" ಅನ್ನುವನು. ಅಳತೆ ತೆಗೆಯಲು ಹೋದವನು ಅಳತೆ ಟೇಪನ್ನು ಮಿಷನ್ ಮೇಲೆಯೇ ಬಿಟ್ಟು ಹೋಗುತ್ತಿದ್ದ. ಅಂಗಿ ಒಗೆಯುವಾಗ ಜೇಬಿನಿಂದ ಬಿಳಿ ಪುಡಿ ಉದುರುತ್ತಿತ್ತು. ದರ್ಜಿಯ ಸೀಮೆಸುಣ್ಣ ಬಿಲ್ಲೆಯಾಗಿರುತ್ತದೆ, ಇದು ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಹೆಗಲ ಮೇಲೆ ಒಂದು ಸಲ ಕಂದಿದ ಗುರುತು ಕಂಡಿತು. ದಿನಕ್ಕೆರಡು ಮೊಟ್ಟೆ ಬೇಯಿಸಿಕೊಂಡು ತಿನ್ನತೊಡಗಿದ. ಎಲ್ಲಕ್ಕಿಂತ ಹೆಚ್ಚಾಗಿ, ಹೊಲಿಯುತ್ತ ಗುನುಗುತ್ತಿದ್ದ. ಐವತ್ತು ದಾಟಿದ ಗಂಡಸು ಪೌಡರು ಹಚ್ಚಿಕೊಂಡು, ಮೊಟ್ಟೆ ತಿಂದು, ಗುನುಗಿದರೆ ಏನರ್ಥ? ನೀವೇ ಹೇಳಿ.

ಉಡಿಗಾಲದ ಆ ನಂಜುಂಡನಿಗೆ ಫೋನ್ ಮಾಡಿದೆ. "ಮಾದೇವಣ್ಣ ಈ ಕಡೀಕ್ ಬಂದು ಆರ್ ತಿಂಗ್ಳಾಯ್ತಲ್ಲಕ್ಕ. ಉಸಾರಾಗವ್ನಾ?" ಅಂದ.

ಮುಂದಿನ ಭಾನುವಾರ ಅವನು ಹೊರಟ ಹತ್ತು ನಿಮಿಷಕ್ಕೆ ನಾನೂ ಹೊರಟೆ. ಅವನು ಗುಂಡ್ಲುಪೇಟೆಯ ಬಸ್ಸಿನಲ್ಲಿ ಮುಂದೆ ಕೂತಿದ್ದ. ನಾನು ತಲೆ ತುಂಬ ಸೆರಗು ಹೊದ್ದು ಕಟ್ಟಕಡೆಯ ಸೀಟಿನಲ್ಲಿ ಮುದುಡಿದೆ. ಕಂಡಕ್ಟರ್ "ಏನಮ್ಮ, ಚಳಿ ಜ್ವರವಾ? ಆಸ್ಪತ್ರೆ ಸ್ಟಾಪಾ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ. ತೆರಕಣಾಂಬಿ ದಾಟುವವರೆಗೂ ನಾನು ತಲೆ ಎತ್ತಲಿಲ್ಲ.

ಗುಂಡ್ಲುಪೇಟೆಯಲ್ಲಿ ಅವನು ಒಂದು ಆಟೋ ಹತ್ತಿದ. ನಾನು ಹಿಂದಿನದ್ದು ಹತ್ತಿ "ಆ ಆಟೋ ಬುಡ್ಬ್ಯಾಡ" ಅಂದೆ. ಕೇರಳದ ಪ್ರವಾಸಿಗರನ್ನು ಸುತ್ತಾಡಿಸಿ, ಅಕ್ಕ ಅನ್ನುವುದಕ್ಕೆ ಚೇಚಿ ಅಂದು ಅಭ್ಯಾಸವಾದ ಡ್ರೈವರು, "ಯಾರು ಚೇಚಿ, ನಿಮ್ ಯಜಮಾನ್ರಾ?" ಎಂದು ಕನ್ನಡಿಯಲ್ಲಿ ನನ್ನ ಮುಖ ನೋಡಿದ.

"ಅಣ್ಣ."

"ಅಣ್ಣನ್ನ ಯಾರ್ ಚೇಚಿ ಇಂಗೆ ಅಟ್ಟಿಸ್ಕಂಡ್ ಓಯ್ತಾರೆ?" ಅಂದ ಅವನು. "ಮುಂದೆ ನೋಡ್ಕಂಡ್ ಓಡ್ಸು" ಅಂದೆ.

ಊಟಿ ರಸ್ತೆಯಿಂದ ಸ್ವಲ್ಪ ಒಳಗೆ, ಚೆಂಡು ಹೂವಿನ ಹೊಲದ ಪಕ್ಕ, ಹಳೆಯ ಈರುಳ್ಳಿ ಗೋಡೌನ್ ಒಂದಿತ್ತು. ಅಣ್ಣ ಒಳಗೆ ಹೋದ. ನಾನು ಹಿಂದಿನಿಂದ ಸುತ್ತಿಕೊಂಡು ಹೋಗಿ ಕಿಟಕಿಯ ಸರಳು ಹಿಡಿದು ಇಣುಕಿದೆ. ಮೊದಲು ಕಂಡದ್ದು ಜಯಶೀಲಾ ಟೀಚರ ಸೀಟಿ. ಆಮೇಲೆ ಸೊಂಟದೆತ್ತರದ ಹಗ್ಗದ ಮೇಲೆ ಒಬ್ಬ ಹೆಂಗಸು, ಸೀರೆಯನ್ನು ಕಚ್ಚೆ ಹಾಕಿ, ಕಣ್ಣು ಮುಚ್ಚಿ, ಕಾಲ್ಬೆರಳಿನಿಂದ ಹಗ್ಗ ತಡವಿಕೊಂಡು ನಡೆಯುತ್ತಿದ್ದಳು. ಗಾಲಿಕುರ್ಚಿಯವನ ಸುತ್ತ ಚೆಂಡುಗಳು ಏಳುತ್ತ ಬೀಳುತ್ತ ಇದ್ದವು. ಅಣ್ಣ ಎಲ್ಲಿ ಎಂದು ಹುಡುಕಿದೆ.

ಅಣ್ಣ ತಲೆಕೆಳಗಾಗಿದ್ದ.

ಎರಡು ಅಂಗೈಗಳನ್ನು ನೆಲಕ್ಕೂರಿ, ಕಾಲು ಮೇಲೆ ಮಾಡಿ, ನಡೆಯುತ್ತಿದ್ದ. ನಲವತ್ತು ವರ್ಷ ಮಿಷನ್ನೂ ಊರುಗೋಲೂ ಹಿಡಿದ ತೋಳುಗಳು ಕಂಬದ ಹಾಗೆ ನಿಂತಿದ್ದವು. ಬಲಗಾಲು ಚಾವಣಿಯ ಕಡೆಗೆ ನೆಟ್ಟಗಿತ್ತು. ಎಡಗಾಲು, ಜೀವಮಾನವಿಡೀ ನಾವು ಪಂಚೆಯಲ್ಲೂ ಪ್ಯಾಂಟಿನಲ್ಲೂ ಮುಚ್ಚಿಟ್ಟ ಆ ಕಾಲು, ಚಡ್ಡಿಯಿಂದ ಹೊರಗೆ ಎಲ್ಲರ ಎದುರು ಗಾಳಿಯಲ್ಲಿ ತೂಗುತ್ತಿತ್ತು. ಅಲ್ಲಿದ್ದವರು ನಗುತ್ತಿದ್ದರು.

ನಾನು ಕೂಗಿದೆ. ಏನು ಕೂಗಿದೆನೋ ತಿಳಿಯದು. "ಅಣ್ಣಯ್ಯಾ" ಅಂದೆನಂತೆ, ಜೊತೆಗೆ ಅಲ್ಲಿದ್ದವರಿಗೆಲ್ಲ ಕೆಟ್ಟ ಮಾತು ಬೈದೆನಂತೆ. ಅವನು ಬೆಚ್ಚಿಬಿದ್ದ. ಬಲಗೈ ಮೊದಲು ಜಾರಿತು, ಅದರ ಮೇಲೆ ಮೈ ಬಿತ್ತು.

ಮುಂಗೈ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅವನು ಹೇಳಿದ್ದು ಇಷ್ಟೇ. "ಎಂಟ್ ತಿಂಗ್ಳಿಂದ ಒಂದ್ಸಲವೂ ಬಿದ್ದಿರ್ನಿಲ್ಲ ಕಣಮ್ಮಿ. ನೀನ್ ಕೂಗ್ದೆ, ಬಿದ್ದೆ."

ಆಮೇಲೆ ಹತ್ತು ದಿನ ಮಾತಿಲ್ಲ. ಮಿಷನ್ ನಿಂತಿತು. ರವಿಕೆಗೆ ಬಂದ ಹೆಂಗಸರನ್ನು ನಾನೇ ಬಾಗಿಲಲ್ಲಿ ಮಾತಾಡಿ ಕಳಿಸುತ್ತಿದ್ದೆ. ಅವನಿಗೆ ಅನ್ನ ಕಲಸಿ ಕೊಡಲು ಹೋದರೆ ಎಡಗೈಯಲ್ಲಿ ಚಮಚ ಹಿಡಿದು ತಾನೇ ತಿನ್ನುವನು. ಹನ್ನೊಂದನೆಯ ದಿನ ನಾನು ತಡೆಯಲಾರದೆ ಕೇಳಿದೆ.

"ನಂಗ್ಯಾಕೆ ಏಳ್ನಿಲ್ಲ?"

"ಏಳಿದ್ರೆ ಬುಡ್ತಿದ್ಯಾ?"

"ಅವ್ರು ನಗ್ತಿದ್ರಲ್ಲಣ್ಣಯ್ಯ."

"ನಗ್ಲಿ ಅಂತ್ಲೇ ಮಾಡಿದ್ದು ಕಣೆ. ಹಲ್ಲಲ್ಲಿ ಟೋಪಿ ಕಚ್ಕಂಡಿದ್ದೆ, ನೀನು ಕಾಲ್ನೇ ನೋಡ್ದೆ. ಟೋಪಿ ನೋಡ್ನೇ ಇಲ್ಲ."

ನಿಜ, ಟೋಪಿ ನಾನು ನೋಡಿರಲಿಲ್ಲ.

ಅವನೇ ಮುಂದುವರಿಸಿದ. ದನಿ ಏರಿಸಲಿಲ್ಲ, ಅದೇ ಹೆಚ್ಚು ನೋವು ಮಾಡಿತು. "ಕಾಲು ಊನ ಆಗಿದ್ದು ನಂದು. ಅದನ್ನ ಊರ್ಕಂಡ್ ನಡೀತಿರೋಳು ನೀನು. ಮದ್ವೆ ಬ್ಯಾಡ, ನಮ್ಮಣ್ಣ ಅವ್ನೆ. ಊರ್ಗೆ ಬರಾಕಿಲ್ಲ, ನಮ್ಮಣ್ಣ ಅವ್ನೆ. ನಾನ್ಯಾವತ್ತು ಏಳ್ದೆ?"

ನಾನು ಎದ್ದು ಹಿತ್ತಲಿಗೆ ಹೋದೆ. ತೊಳೆದ ಪಾತ್ರೆಗಳನ್ನೇ ಇನ್ನೊಂದು ಸಲ ತೊಳೆದೆ. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನ ಮೇಲೇ ನನಗೆ ಅನುಮಾನ ಬಂದಿತ್ತು. ಅದು ಅಭ್ಯಾಸವಿಲ್ಲದ ಕೆಲಸ, ಬಹಳ ಆಯಾಸವಾಗುತ್ತದೆ.

ಒಳಗೆ ಬಂದಾಗ ಅವನು ನನ್ನ ಮೂರು ಚಿತ್ರಗಳನ್ನು ಎಡಗೈಯಲ್ಲಿ ಹರಡಿಕೊಂಡು ಕೂತಿದ್ದ. ಆಗ ಹೊಳೆಯಿತು. ಟೀಚರು ಹೇಳುತ್ತಿದ್ದ 'ನಮ್ಮವರೊಬ್ಬರು' ಇವನೇ. ನನ್ನ ಅಕ್ಷರ ಹೊಗಳಿದವನೂ ಇವನೇ, ಕಾಲು ಸುಳ್ಳು ಅಂದವನೂ ಇವನೇ.

"ಸರಿ, ಏನ್ ಬರೀಬೇಕು? ನೀನೇ ಏಳು" ಅಂದೆ.

"ನನ್ನ ಕೇಳ್ಬ್ಯಾಡ. ಓಗಿ ಅಲ್ಲಿ ಕೂತ್ಕ. ಬಾಯ್ಮುಚ್ಕಂಡು ಕೂತ್ಕ."

ಹೋಗಿ ಕೂತೆ. ಈ ಸಲ ಸೆರಗು ಹೊದೆಯದೆ, ಬಾಗಿಲಿನಿಂದಲೇ. ಅಲ್ಲಿ ನನ್ನನ್ನು ಯಾರೂ ನಂಬಲಿಲ್ಲ. ಅದು ನ್ಯಾಯವೇ. ಸಾಕಮ್ಮ ಹಗ್ಗ ಹತ್ತುವ ಮುಂಚೆ ನನ್ನ ಕಡೆ ಮುಖ ಮಾಡಿ, "ಇವ್ಳು ಕೂಗೋಳಲ್ವಾ? ಬಾಯ್ಗೆ ಬಟ್ಟೆ ತುರ್ಕಿ, ಆಮೇಲೆ ಹತ್ತೀನಿ" ಅಂದಳು. ಸಿದ್ದರಾಜು ತನ್ನ ಟವೆಲ್ಲನ್ನೇ ಮಡಿಸಿ ನನ್ನ ಕೈಗೆ ಕೊಟ್ಟ. ನಾನು ಅದನ್ನು ಬಾಯಿಗೆ ಅಡ್ಡ ಹಿಡಿದು ಒಂದು ಗಂಟೆ ಕೂತೆ. ಬೆವರಿನ ವಾಸನೆ ಇತ್ತು.

ಕೆಳಗಿಳಿದ ಮೇಲೆ ಸಾಕಮ್ಮನಿಗೆ ನನ್ನ ಚಿತ್ರ ಕೊಟ್ಟೆ. ಕೊಟ್ಟ ಮೇಲೆ ನಾಲಗೆ ಕಚ್ಚಿಕೊಂಡೆ. ಅವಳು ಕಾಗದದ ಮೇಲೆ ಹೂ ಕಟ್ಟುವ ಬೆರಳು ಓಡಿಸಿದಳು, ಹಿಂದೆ ತಿರುಗಿಸಿ ಅಲ್ಲೂ ಓಡಿಸಿದಳು. "ಬರೀ ಕಾಗ್ದ ಕಣವ್ವ. ಇದ್ರಲ್ಲಿ ನಾವ್ ಎಲ್ಲಿವಿ?"

ಇಪ್ಪತ್ತೈದು ವರ್ಷ ಬೋರ್ಡು ಬರೆದಿದ್ದೇನೆ. ಅಷ್ಟು ಸುಲಭವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಎರಡನೆಯ ಭಾನುವಾರ ಎಲ್ಲರೂ ಹೋದ ಮೇಲೆ ಗೋಡೌನಿನ ನೆಲ ನೋಡುತ್ತ ನಿಂತೆ. ಕಪ್ಪು ಸಿಮೆಂಟಿನ ನೆಲ. ಜಾರದಿರಲಿ ಎಂದು ಇವರೆಲ್ಲ ಕೈಗೂ ಕಾಲಿಗೂ ಬಿಳಿ ಪುಡಿ ಹಚ್ಚಿಕೊಳ್ಳುತ್ತಾರೆ, ಅಣ್ಣನ ಜೇಬಿನಲ್ಲಿದ್ದದ್ದು ಅದೇ. ನೆಲದ ತುಂಬ ಅದರ ಗುರುತುಗಳು. ಸಾಕಮ್ಮನ ಪಾದ ಹಗ್ಗದ ಕಂಬದವರೆಗೆ ಹೋಗಿ ನಿಂತಿತ್ತು. ಅದರ ಮೇಲೆಯೇ ಗಾಲಿಕುರ್ಚಿಯ ಗೆರೆ ಹಾದಿತ್ತು. ಮೂಲೆಯಲ್ಲಿ, ಮೂರು ವಾರ ಯಾರೂ ಗುಡಿಸದ ಜಾಗದಲ್ಲಿ, ಅಣ್ಣನ ಅಂಗೈಗಳು. ಒಂದು, ಎರಡು, ಮೂರು. ನಡೆದುಕೊಂಡು ಹೋದ ಅಂಗೈಗಳು. ಒಂಬತ್ತನೆಯದು ಉಜ್ಜಿಹೋಗಿತ್ತು. ಅಲ್ಲಿ ನಾನು ಕೂಗಿದ್ದೆ.

ಅಲ್ಲೇ ಕೂತು ಬರೆದುಕೊಂಡೆ. ಒಂದು ಪಾದ, ಅದರ ಮುಂದೆ ಒಂದು ಅಂಗೈ, ಅದರ ಮುಂದೆ ಸಣ್ಣದೊಂದು ಗಾಲಿಯ ಗೆರೆ. ಮೂರೂ ಒಂದೇ ಸಾಲಿನಲ್ಲಿ, ಒಂದೇ ಕಡೆ ಹೊರಟಿವೆ. ಕೆಳಗೆ 'ಎಲ್ಲರ ಸರ್ಕಸ್ ಶಾಲೆ'. ಮುಖ ಇಲ್ಲ, ನಗು ಇಲ್ಲ, ಎತ್ತಿ ಹಿಡಿಯುವ ಕೈ ಇಲ್ಲ.

ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ಪ್ರಿಂಟ್ ತೆಗೆದು ಒಣಹಾಕಿದ್ದೆ, ಹಾದುಹೋಗುವವನೊಬ್ಬ ನಿಂತು "ಏನಕ್ಕ, ಕೈ ಗುರ್ತು! ಎಲೆಕ್ಷನ್ ಬಂದ್ಬುಡ್ತಾ?" ಅಂದ. ಇನ್ನೊಬ್ಬಳು ಪಾದ ನೋಡಿ "ಗೋಕುಲಾಷ್ಟಮಿ ಕಳ್ದು ಎಷ್ಟೋ ದಿನ ಆಯ್ತಲ್ಲ" ಅಂದಳು. ಅಂಗೈಯನ್ನು ತಿರುಗಿಸಿ ಬೆರಳುಗಳನ್ನು ಅಗಲಿಸಿದೆ, ನೆಲಕ್ಕೆ ಭಾರ ಬಿಟ್ಟ ಕೈಯಲ್ಲಿ ಬುಡ ದಪ್ಪಗೆ ಮೂಡಿ ನಡು ಖಾಲಿ ಉಳಿಯುತ್ತದಲ್ಲ, ಹಾಗೆ ಮಾಡಿದೆ. ಈಗ ಅದು ಓಟು ಕೇಳುವ ಕೈಯಾಗಿರಲಿಲ್ಲ, ದುಡಿಯುವ ಕೈಯಾಗಿತ್ತು. ಬೋರ್ಡನ್ನು ಫ್ಲೆಕ್ಸಿನಲ್ಲಿ ಮಾಡಲಿಲ್ಲ. ದಪ್ಪ ರಬ್ಬರ್ ಹಾಳೆಯನ್ನು ಕತ್ತರಿಸಿ, ಒಂದು ಬೆರಳಿನಷ್ಟು ಉಬ್ಬುವಂತೆ ಕಪ್ಪು ಹಲಗೆಗೆ ಅಂಟಿಸಿದೆ. ಅಂಗೈಯ ಅಳತೆಗೆ ಅಣ್ಣ ತನ್ನ ಎಡಗೈಯನ್ನು ಕೊಟ್ಟ. ಪೆನ್ಸಿಲ್ಲು ಬೆರಳ ಸಂದಿಗೆ ಬಂದಾಗ "ಕಚಗುಳಿ ಆಯ್ತದೆ, ಬೇಗ್ನೆ ಎಳಿ" ಅಂದ. ಮಾತು ಕಡಿಮೆಯಾಗಿ ತಿಂಗಳಾಗಿದ್ದ ಮನೆಯಲ್ಲಿ ಅಷ್ಟು ಮಾತೇ ದೊಡ್ಡದಾಗಿ ಕೇಳಿಸಿತು.

ಹಲಗೆಯನ್ನು ಗೋಡೌನಿಗೆ ಒಯ್ದಾಗ ಸಾಕಮ್ಮ ಬಂದು ತಡವಿದಳು. ಪಾದ ಹಿಡಿದಳು, ಐದು ಬೆರಳು ಎಣಿಸಿದಳು. "ಇದು ನಂದು" ಅಂದಳು. ಅಂಗೈಯ ಮೇಲೆ ತನ್ನ ಅಂಗೈ ಇಟ್ಟು ನೋಡಿ, "ಇದು ಮಾದೇವಣ್ಣಂದು, ಬಟ್ಟೆ ಒತ್ತಿ ಇಡ್ಕಳೋ ಬೆಳ್ಳು ಸೊಟ್ಟ ಅದೆ" ಅಂದಳು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಸಿದ್ದರಾಜು ಮಾತ್ರ ಗಾಲಿಯ ಗೆರೆ ತೀರಾ ಸಣ್ಣದಾಯಿತು ಎಂದು ತಕರಾರು ಮಾಡಿದ. ಅವನು ಹೇಳಿದ್ದು ಸರಿ, ಮನೆಗೆ ತಂದು ದಪ್ಪ ಮಾಡಿದೆ. ಇವತ್ತಿಗೂ ಅವನು ಇನ್ನೂ ದಪ್ಪ ಬೇಕಿತ್ತು ಅನ್ನುತ್ತಾನೆ.

ಗುಂಡ್ಲುಪೇಟೆಯಲ್ಲಿ ಅವರ ಮೊದಲನೆಯ ಪ್ರದರ್ಶನ ಆಯಿತು. ಅಣ್ಣ ಅದರಲ್ಲಿ ನಡೆಯಲಿಲ್ಲ. ಪ್ಲಾಸ್ಟರು ತೆಗೆದಿದ್ದರೂ ಮುಂಗೈ ಭಾರ ಹೊರುವಂತಿರಲಿಲ್ಲ. ಅವನು ಪರದೆಯ ಪಕ್ಕ ಕೂತು ಟೋಪಿಗಳನ್ನು ಎತ್ತಿ ಕೊಡುತ್ತಿದ್ದ. ಎಂಟು ತಿಂಗಳು ಕಲಿತವನು. ಅದು ನನ್ನಿಂದ ಆದದ್ದು, ಅದಕ್ಕೆ ಪರಿಹಾರ ಎಂಬುದಿಲ್ಲ. ಬೋರ್ಡನ್ನು ಎಲ್ಲರೂ ಮುಟ್ಟಿ ಮುಟ್ಟಿ ನೋಡಿ ಹೊಗಳಿದರು, ನನ್ನ ಕಿವಿಗೆ ಒಂದೂ ಬೀಳಲಿಲ್ಲ.

ಆವತ್ತು ಮುಗಿದ ಮೇಲೆ ಜಯಶೀಲಾ ಟೀಚರ್ ನನ್ನನ್ನು ಕರೆದರು. "ನೋಡಿ, ಇಲ್ಲಿ ಇನ್ನೊಂದು ಕೆಲಸ ಇದೆ. ಮೇಲೆ ಯಾರಾದರೂ ಆಡುವಾಗ ಕೆಳಗೆ ಒಬ್ಬರು ನಿಂತಿರಬೇಕು. ಕೈ ಚಾಚಿಕೊಂಡು, ಕಣ್ಣು ಮಿಟುಕಿಸದೆ. ಬೀಳ್ತಾರೆ ಬೀಳ್ತಾರೆ ಅಂತ ಪ್ರತಿ ಕ್ಷಣವೂ ಅನುಮಾನ ಇರಬೇಕು. ನಂಬೋ ಜನ ಈ ಕೆಲಸಕ್ಕೆ ಆಗಲ್ಲ, ಅರ್ಧದಲ್ಲಿ ಚಪ್ಪಾಳೆ ತಟ್ಟೋಕೆ ಹೋಗ್ತಾರೆ."

"ನಾನಾ?"

"ನಿಮಗಿಂತ ಯಾರಿದಾರೆ? ಆದರೆ ಒಂದು. ಮುಟ್ಟೋ ಹಾಗಿಲ್ಲ. ಬಿದ್ದರೆ ಮಾತ್ರ."

ಮುಟ್ಟದೆ ಇರುವುದನ್ನು ಕಲಿಯಲು ನನಗೆ ಮೂರು ತಿಂಗಳು ಬೇಕಾಯಿತು. ಸಾಕಮ್ಮ ಹಗ್ಗದ ಮೇಲೆ ಒಂದಿಷ್ಟು ವಾಲಿದರೆ ಸಾಕು, ನನ್ನ ಕೈ ಅವಳ ಸೊಂಟಕ್ಕೆ ಹೋಗುತ್ತಿತ್ತು. ಅವಳು ಮೇಲಿನಿಂದಲೇ "ಯಾರ್ದದು ಕೈ? ತಗಿ" ಎಂದು ಗದರುವಳು. ಟೀಚರು ಸೀಟಿ ಊದುವರು. ಎಷ್ಟೋ ಸಲ ಅಳು ಬಂತು. ವಾಲಿದವರು ತಾವೇ ನೆಟ್ಟಗಾಗುತ್ತಾರೆ ಎಂಬುದನ್ನು ಕಣ್ಣಾರೆ ನೋಡುವುದಿದೆಯಲ್ಲ, ಅದು ನನಗೆ ಹೊಸತು.

ಹೋದ ತಿಂಗಳು ಸಂತೆಮರಹಳ್ಳಿಯಲ್ಲಿ, ಶಾಲೆಯ ಮೈದಾನದಲ್ಲಿ, ಅಣ್ಣ ನಡೆದ. ಬಸ್ಸಿಳಿದವರು, ಚೀಲ ಹೊತ್ತವರು, ಕಾಂಪೌಂಡ್ ಹತ್ತಿದವರು ಎಲ್ಲ ಸೇರಿದ್ದರು. ಮೇಜುಗಳನ್ನು ಸಾಲಾಗಿ ಜೋಡಿಸಿದ್ದರು. ಅವನು ಊರುಗೋಲನ್ನು ನೆಲಕ್ಕೆ ಹಾಕಿ, ಮೊದಲನೆಯ ಮೇಜಿನ ಮೇಲೆ ಕೂತು, ಪುಡಿ ಹಚ್ಚಿಕೊಂಡು, ಹಲ್ಲಿನಲ್ಲಿ ಟೋಪಿ ಕಚ್ಚಿಕೊಂಡು ತಲೆಕೆಳಗಾದ. ಜನ ನಕ್ಕರು. ಯಾರ್ಯಾರು ಹೇಗೆ ನಗುತ್ತಿದ್ದಾರೆ ಎಂದು ತಿರುಗಿ ನೋಡಲು ನನ್ನ ಕತ್ತು ಎಳೆಯುತ್ತಿತ್ತು. ನೋಡುವ ಹಾಗಿರಲಿಲ್ಲ. ನಾನು ಪಕ್ಕದಲ್ಲಿ, ಅವನ ಮೈಗೂ ನನ್ನ ಅಂಗೈಗೂ ನಡುವೆ ಒಂದು ಗೇಣು ಬಿಟ್ಟು, ಅವನ ಜೊತೆ ಹೆಜ್ಜೆ ಹಾಕುತ್ತಿದ್ದೆ.

ಮೂರನೆಯ ಮೇಜಿನ ಹತ್ತಿರ ಅವನ ಬಲ ಮುಂಗೈ ಸಣ್ಣಗೆ ಹೊರಳಿತು. ಮೈ ನನ್ನ ಕಡೆಗೆ ವಾಲಿತು. ಎಡಗಾಲು ನನ್ನ ಮುಖದ ಮುಂದೆ ಬಂದು ನಿಂತಿತು, ಚಿಕ್ಕವಳಿದ್ದಾಗ ನಾನು ಎಣ್ಣೆ ತಿಕ್ಕಿ ಬೆಳೆಸಲು ನೋಡಿದ್ದ ಕಾಲು. ಗೇಣು ಎರಡು ಬೆರಳಾಯಿತು. ಮುಟ್ಟಲಿಲ್ಲ. ಅವನು ತಡೆದ, ಭುಜ ಕೊಡವಿದ, ನೆಟ್ಟಗಾದ. ತಲೆಕೆಳಗಾಗಿಯೇ, ಟೋಪಿ ಜಾರದ ಹಾಗೆ ತುಟಿಯ ಅಂಚಿನಲ್ಲಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದ.

"ನಡುಗ್ತಾ ಇರೋದು ನಿನ್ ಕೈ ಕಣಮ್ಮಿ, ನಂದಲ್ಲ. ಮುಂದ್ಕ್ ನಡಿ."

ನಡೆದೆ.